ಒಣ ಗೋಡೆಯ ಮೇಲೆ ಕರಗಿದ ಕುಂಕುಮ

ದೇವರನ್ನು ನಂಬುವವರೆಲ್ಲ ದೆವ್ವವನ್ನೂ ನಂಬಲೇಬೇಕೆಂದೇನೂ ಇಲ್ಲ. ನಾನು ಎರಡು ಹೊತ್ತು ದೀಪ ಹಚ್ಚುವವಳು, ಶನಿವಾರ ಒಪ್ಪೊತ್ತು ಇರುವವಳು. ಆದರೂ ಸತ್ತವರು ಯಾರಿಗೋ ಕಾಣಿಸಿಕೊಂಡರಂತೆ ಎಂಬ ಮಾತು ಬಂದರೆ ಎದ್ದು ಹೋಗಿ ಕಾಫಿಗೆ ನೀರಿಡುತ್ತಿದ್ದೆ. ಹೋದವರು ದೇವರ ಪಾದ ಸೇರಿರುತ್ತಾರೆ, ಅವರಿಗೆ ನಮ್ಮ ಹಿತ್ತಿಲಲ್ಲಿ ಏನು ಕೆಲಸ ಎಂಬುದು ನನ್ನ ವಾದ. ಈಗಲೂ ಆ ವಾದ ಬಿಟ್ಟಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಬ್ರಿಸ್ಬೇನಿನಲ್ಲಿ ಒಂದು ಮಧ್ಯಾಹ್ನ ನಾನು ಕಂಡದ್ದು ಆ ವಾದದೊಳಗೆ ಕೂರುವುದಿಲ್ಲ. ಓದುವವರು ನಗಬಹುದು, ನಗಲಿ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಆಗ ನಾವು ಪರ್ತಿನ ಥಾರ್ನ್ಲಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಮ್ಮ ಯಜಮಾನರು ಮೈಸೂರಿನವರು, ಸಿವಿಲ್ ಇಂಜಿನಿಯರು. ಗಣಿಯ ಕೆಲಸಕ್ಕೆಂದು ಈ ದೇಶಕ್ಕೆ ಬಂದವರು. ಎರಡು ವಾರ ಗಣಿಯಲ್ಲಿದ್ದರೆ ಒಂದು ವಾರ ಮನೆಯಲ್ಲಿ ಇರುತ್ತಿದ್ದರು. ಮಗಳು ಸಹನಾ ಬ್ರಿಸ್ಬೇನಿನ ಸೇಂಟ್ ಲೂಸಿಯಾದ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡಿಕೊಂಡಿದ್ದಳು. ಹೀಗಾಗಿ ಮನೆಯಲ್ಲಿ ಹೆಚ್ಚು ದಿನ ನಾನು ಮತ್ತು ದೇವರ ಗೂಡು, ಬೇಲಿಯ ಆಚೆ ಒಬ್ಬ ಜಪಾನಿ ಮುದುಕರು.

ಅವರ ಹೆಸರು ಇನೋವೆ. ಎಂಬತ್ತು ದಾಟಿತ್ತು, ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಸಹನಾ ರಜೆಗೆ ಬಂದಾಗ ನನ್ನನ್ನು ಅಮ್ಮಾ ಎಂದು ಕೂಗುವುದನ್ನು ಕೇಳಿ ಅದೇ ನನ್ನ ಹೆಸರೆಂದುಕೊಂಡು ಅವರು ನನ್ನನ್ನು ‘ಅಮ್ಮಾ-ಸಾನ್’ ಎನ್ನುತ್ತಿದ್ದರು, ಸಾನ್ ಎಂದರೆ ಅವರಲ್ಲಿ ಗೌರವದ ಮಾತು. ನಾನೂ ತಿದ್ದಲಿಲ್ಲ. ನಮ್ಮ ಕನ್ನಡದವರ ಬಾಯಲ್ಲಿ ಅವರು ‘ಇನ್ನೋವಾ ಅಂಕಲ್’ ಆಗಿಬಿಟ್ಟಿದ್ದರು. ಯಾರ ಮನೆಯ ಹಿತ್ತಿಲಲ್ಲಾದರೂ ಬಾರ್ಬೆಕ್ಯೂ ಊಟಕ್ಕೆ ಸೇರಿದರೆ, “ಏನಮ್ಮಾ, ನಿಮ್ಮ ಇನ್ನೋವಾ ಹೇಗಿದೆ, ಮೈಲೇಜ್ ಚೆನ್ನಾಗಿ ಕೊಡ್ತಾ ಇದ್ಯಾ?” ಎಂದು ಕೇಳಿ ನಗುವವರು. ಅವರ ಹಿತ್ತಿಲಿನ ಮೂಲಂಗಿ ನಮ್ಮ ಮನೆಯ ಹುಳಿಗೆ ಬರುತ್ತಿತ್ತು, ಹುಳಿ ಬೇಲಿ ದಾಟಿ ವಾಪಸ್ಸು ಹೋಗುತ್ತಿತ್ತು. ಪರದೇಶದಲ್ಲಿ ಅಂಥ ನೆರೆ ಸಿಗುವುದೂ ದೇವರ ದಯೆಯೇ.

ಇಬ್ಬರದೂ ಹರಕು ಇಂಗ್ಲಿಷ್. ಆದರೂ ಅವರ ಬದುಕಿನ ಕತೆ ನನಗೆ ಚೆನ್ನಾಗಿ ತಿಳಿಯಿತು. ಯುದ್ಧದಲ್ಲಿ ಅವರ ಊರು ಪೂರ್ತಿ ಸುಟ್ಟುಹೋಯಿತಂತೆ. ಮರದ ಮನೆಗಳೆಲ್ಲ ಬೂದಿ. ಸ್ಕೂಲು ಮಾತ್ರ ಕಾಂಕ್ರೀಟಿನದಾದ್ದರಿಂದ ಕಿಟಕಿಗಳು ಕರಕಾಗಿ ನಿಂತಿತ್ತು. ತಾಯಿಯೂ ಅವರೂ ಆ ಸ್ಕೂಲಿನ ನೆಲದ ಮೇಲೆ ಮಲಗಿದರು. “ನೆಲ ಬೆಚ್ಚಗಿತ್ತು ಅಮ್ಮಾ-ಸಾನ್. ಇನ್ಮೇಲೆ ನಾನು ಸುಡದೇ ಇರೋದನ್ನೇ ಕಟ್ತೀನಿ ಅಂದ್ಕೊಂಡೆ” ಎಂದಿದ್ದರು. ಹಾಗೇ ಓದಿದರು. ಕಟ್ಟಡದ ರೂಪ ಬರೆಯುವವರೂ ಅವರೇ, ಒಳಗೆ ಎಲ್ಲೆಲ್ಲಿ ಎಷ್ಟು ಕಬ್ಬಿಣ ಬೇಕೆಂದು ಲೆಕ್ಕ ಹಾಕುವವರೂ ಅವರೇ. ನಮ್ಮ ಯಜಮಾನರು, ಈ ಎರಡೂ ಒಂದೇ ತಲೆಯಲ್ಲಿರುವುದು ಅಪರೂಪ ಎನ್ನುತ್ತಿದ್ದರು. ಅದಿರು ಸಾಗಿಸುವ ಬಂದರು ಕಟ್ಟುವ ಕೆಲಸಕ್ಕೆಂದು ಅಂಕಲ್ ಈ ದೇಶಕ್ಕೆ ಬಂದವರು ಹೆಂಡತಿಯನ್ನೂ ಕರೆಸಿಕೊಂಡು ಇಲ್ಲೇ ಉಳಿದರು. ಅಡಿಲೇಡಿನಲ್ಲಿ ನೀರಿನ ಟ್ಯಾಂಕು, ಪರ್ತಿನಲ್ಲಿ ಗೋದಾಮು, ಒಂದು ಈಜುಕೊಳ, ಬ್ರಿಸ್ಬೇನಿನ ಒಂದು ಬಡಾವಣೆಯಲ್ಲಿ ಪುಟ್ಟ ಸಭಾಂಗಣ. ಅವುಗಳಲ್ಲಿ ಅನೇಕವನ್ನು ಆಗಲೇ ಕೆಡವಿದ್ದರು. ಒಂದೊಂದು ಹೋದ ಸುದ್ದಿ ಬಂದಾಗಲೂ ಅಂದು ಅವರು ಹಿತ್ತಿಲಿಗೆ ಬರುತ್ತಿರಲಿಲ್ಲ.

ಅವರ ಕಡೆಯ ಕೆಲಸ ನಮ್ಮ ಮನೆಯ ತುಳಸಿಕಟ್ಟೆ. ನಾನು ತುಳಸಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಇಟ್ಟುಕೊಂಡು ಪ್ರದಕ್ಷಿಣೆ ಹಾಕುವುದನ್ನು ಬೇಲಿಯಾಚೆಯಿಂದ ನೋಡಿ, ಬೇರು ಎಷ್ಟು ಆಳ ಹೋಗುತ್ತದೆ, ದೀಪ ಯಾವ ಕಡೆಗಿಡುತ್ತೀರಿ ಎಂದೆಲ್ಲ ಕೇಳಿದರು. ಹಲಗೆ ಕಟ್ಟಿ, ಕಂಬಿ ಬಗ್ಗಿಸಿ, ಕಾಂಕ್ರೀಟ್ ತುಂಬಿ, ಮೇಲೆ ಒದ್ದೆ ಗೋಣಿಚೀಲ ಸುತ್ತಿದರು. ಬಿಸಿಲು ಬೀಳಕೂಡದು, ಗಾಳಿ ತಾಗಕೂಡದು, ಚೀಲ ಒಣಗಕೂಡದು. ದಿನಾ ಬಂದು ಮುಟ್ಟಿ ನೋಡುವರು. ನನಗೆ ನಗು ಬಂತು. “ಅಂಕಲ್, ನಮ್ಮಲ್ಲಿ ಹೆತ್ತವಳಿಗೆ ಹೀಗೆ ಮಾಡ್ತಾರೆ. ತಲೆಗೆ ಬಟ್ಟೆ ಕಟ್ಟಿ, ಗಾಳಿಗೆ ಬಿಡದೆ. ಬಾಣಂತನ ಅಂತಾರೆ” ಎಂದೆ. ಅವರಿಗೆ ಆ ಮಾತು ಬಹಳ ಹಿಡಿಸಿತು. ಬಾನಾನ್ತಾನಾ, ಬಾನಾನ್ತಾನಾ ಎಂದು ಹೇಳಿ ಹೇಳಿ ಕಲಿತರು.

ಮರುದಿನ ಚೀಲಕ್ಕೆ ನೀರು ಹಾಕುತ್ತ, ತಲೆ ಎತ್ತದೆ ಒಂದು ಪ್ರಶ್ನೆ ಕೇಳಿದರು. “ಮಗು ಉಳಿಯದೇ ಹೋದ್ರೆ? ಆಗಲೂ ಹೆತ್ತವಳಿಗೆ ಬಾನಾನ್ತಾನಾ ಮಾಡ್ತೀರಾ?”

“ಮಾಡಲೇಬೇಕಲ್ಲ ಅಂಕಲ್. ಮಗು ಹೋದರೂ ಮೈ ಬಾಣಂತಿಯದೇ. ಆಗಂತೂ ಇನ್ನೂ ಹೆಚ್ಚಿಗೆ ನೋಡ್ಕೋತೀವಿ” ಎಂದೆ.

ಅವರು ಚೆಂಬು ಕೆಳಗಿಟ್ಟು ತಮ್ಮ ಮನೆಗೆ ಹೋದರು. ಆಮೇಲೆ ಕೆಲವು ದಿನ ಬರಲಿಲ್ಲ. ನಾನು ಏನಾದರೂ ತಪ್ಪು ಮಾತಾಡಿದೆನೇ ಎಂದು ಚಿಂತೆಯಾಯಿತು. ಬಂದವರು ತಾವಾಗಿ ಹೇಳಿದರು.

ಬ್ರಿಸ್ಬೇನಿನ ಸಭಾಂಗಣದ ಚಾವಣಿ ಅವರ ಬದುಕಿನ ಅತಿ ಆಸೆಯ ಕೆಲಸವಂತೆ. ಬೋಗುಣಿಯನ್ನು ಬೋರಲು ಹಾಕಿದ ಹಾಗೆ, ದಪ್ಪ ಒಂದು ಗೇಣೂ ಇಲ್ಲ. ಅಷ್ಟು ತೆಳುವಾದದ್ದು ಬೇಗ ಒಣಗಿದರೆ ಸೀಳುಬಿಡುತ್ತದೆ. ಕಾಂಕ್ರೀಟ್ ಹಾಕಿದ ದಿನ ಬೆಂಕಿಯಂಥ ಬಿಸಿಲು, ಒಣಗಾಳಿ. ಆ ದಿನವೇ ಹೆಂಡತಿಗೆ ತಿಂಗಳು ತುಂಬುವ ಮೊದಲೇ ನೋವು ಬಂತು. ಸುದ್ದಿ ಬಂದಾಗ ಅವರು ಜೊತೆಯವನ ಕಾರು ಕಳಿಸಿ, ತಾವು ಚಾವಣಿಗೆ ಗೋಣಿ ಹೊದಿಸಿ ನೀರು ಹಾಕುತ್ತ ನಿಂತರು. ಸಂಜೆ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿ ಹೋಗಿಯೂ ಆಗಿತ್ತು. ತಾಯಿಗೆ ಅದನ್ನು ತೋರಿಸಲೂ ಇಲ್ಲವಂತೆ, ಆ ಕಾಲದಲ್ಲಿ ಹಾಗೇ ಅಂತೆ. ಮರುದಿನ ಬೆಳಿಗ್ಗೆ ಇವರು ಮತ್ತೆ ಚಾವಣಿಯ ಬಳಿಗೆ ಹೋದರು, ಅದರ ಮರುದಿನವೂ.

“ಚಾವಣಿಗೆ ಬಾನಾನ್ತಾನಾ ನಾನು ಮಾಡಿದೆ. ಆಕೆಗೆ ಯಾರೂ ಮಾಡಲಿಲ್ಲ” ಎಂದರು.

ಹೆಂಡತಿ ಒಂದು ದಿನವೂ ಬೈಯಲಿಲ್ಲವಂತೆ. ಆದರೆ ಸಾಯುವವರೆಗೆ ಆ ಸಭಾಂಗಣದೊಳಗೆ ಕಾಲಿಡಲಿಲ್ಲ. ಯಾರು ಕರೆದರೂ ಇಲ್ಲ. “ಬೈದಿದ್ದರೆ ಕ್ಷಮಿಸಿದಳು ಅಂತಾದ್ರೂ ಒಂದು ದಿನ ಗೊತ್ತಾಗ್ತಿತ್ತು. ಬೈಯಲೇ ಇಲ್ಲ. ಹಾಗಾಗಿ ಗೊತ್ತೇ ಆಗಲಿಲ್ಲ” ಎಂದರು ಇನೋವೆ ಅಂಕಲ್. ಇಷ್ಟು ವಯಸ್ಸಿನವರು ಇದೊಂದನ್ನು ತಿಳಿಯದೆ ಹೋಗುತ್ತಾರಲ್ಲ ಎಂದುಕೊಂಡೆ. ಅವರ ಹೆಸರಿನಲ್ಲಿ ದೀಪಕ್ಕೆ ಒಂದು ಬತ್ತಿ ಹೆಚ್ಚು ಹಾಕಿದೆ. ನನ್ನಿಂದ ಆಗುವುದು ಅಷ್ಟೇ.

ಆ ವರ್ಷದ ಕೊನೆಗೆ ಸಭಾಂಗಣವನ್ನು ಕೆಡವುತ್ತಾರೆಂಬ ಸುದ್ದಿ ಬಂತು. ಅದೇ ಹೊತ್ತಿಗೆ ನಾನು ಮಗಳನ್ನು ನೋಡಲು ಹೊರಟಿದ್ದೆ. ಡಾಕ್ಟರು ಅಂಕಲ್‌ಗೆ ವಿಮಾನ ಹತ್ತಬಾರದು ಎಂದಿದ್ದರು. “ಒಳಗೆ ಬಿಟ್ಟರೆ, ಎಲ್ಲಾದರೂ ಒಂದು ಕಡೆ ಗೋಡೆ ಮೇಲೆ ಕೈ ಇಟ್ಟು ಬನ್ನಿ. ನನ್ನ ಬದಲಿಗೆ” ಎಂದರು. ಬೇರೇನೂ ಕೇಳಲಿಲ್ಲ.

ನಾನೂ ಸಹನಾಳೂ ಊಟ ಮುಗಿಸಿ ಬಸ್ಸಿನಲ್ಲಿ ಹೋದೆವು. ಸುಡುಬಿಸಿಲು, ಮಳೆ ಬಿದ್ದು ಎಷ್ಟೋ ದಿನವಾಗಿತ್ತು, ಹುಲ್ಲೆಲ್ಲ ಹಳದಿ. ಕಟ್ಟಡದ ಸುತ್ತ ತಂತಿಬೇಲಿ ಹಾಕಿದ್ದರು. ಕಾವಲಿದ್ದ ದಡೂತಿ ಮನುಷ್ಯನಿಗೆ ಸಹನಾ ವಿಷಯ ಹೇಳಿದಳು. ಕಟ್ಟಿದವರು ಇನ್ನೂ ಬದುಕಿದ್ದಾರೆಂದು ಕೇಳಿ ಅವನ ಮುಖ ಮೆತ್ತಗಾಯಿತು. ಇಬ್ಬರಿಗೂ ಹೆಲ್ಮೆಟ್ ಕೊಟ್ಟು, ಐದು ನಿಮಿಷ, ಯಾವುದನ್ನೂ ಎಳೆಯಬೇಡಿ ಎಂದ. ಅಷ್ಟರಲ್ಲಿ ಸಹನಾಳಿಗೆ ಅವಳ ಪ್ರೊಫೆಸರರ ಫೋನ್ ಬಂತು. ನೀನು ಹೋಗಿರು ಎಂದು ಕೈಸನ್ನೆ ಮಾಡಿದಳು. ಸೀರೆಯ ಮೇಲೆ ಹಳದಿ ಹೆಲ್ಮೆಟ್ ಹಾಕಿಕೊಂಡು ನಾನೊಬ್ಬಳೇ ಒಳಗೆ ಹೋದೆ.

ಒಳಗೆ ಕುರ್ಚಿ, ಮೇಜು, ದೀಪ ಒಂದೂ ಇರಲಿಲ್ಲ. ಬಾಗಿಲು ಕಿಟಕಿಗಳನ್ನೂ ಕಿತ್ತಿದ್ದರು. ಮೇಲೆ ಆ ಚಾವಣಿ. ಅದನ್ನು ನೋಡಿ ನನಗೆ ಕಟ್ಟಡ ಅನ್ನಿಸಲಿಲ್ಲ, ಯಾರೋ ಅಂಗೈ ಬಾಗಿಸಿ ನಮ್ಮ ತಲೆಯ ಮೇಲೆ ಹಿಡಿದ ಹಾಗಿತ್ತು. ಒಂದು ಸೀಳೂ ಇರಲಿಲ್ಲ. ಬಿಡುವ ಮನೆಗೂ ನಾವು ಹೊಸಿಲಿಗೆ ಕುಂಕುಮ ಇಟ್ಟೇ ಹೊರಡುವುದಲ್ಲವೇ. ನಾನು ಚೀಲದಿಂದ ಕುಂಕುಮದ ಭರಣಿ ತೆಗೆದು, ದೇವರೇ, ಆ ಮುದುಕರಿಗೆ ಸಮಾಧಾನ ಕೊಡು ಎಂದುಕೊಂಡು ಗೋಡೆಗೆ ಒಂದು ಬೊಟ್ಟು ಇಟ್ಟೆ. ಬೊಟ್ಟು ನಿಲ್ಲಲಿಲ್ಲ. ಕರಗಿ, ಕೆಂಪು ನೀರಾಗಿ ಇಳಿಯಿತು.

ಗೋಡೆ ಒದ್ದೆಯಾಗಿತ್ತು. ಅಂಗೈ ಇಟ್ಟೆ. ತಣ್ಣಗಿತ್ತು, ಕೈ ತೆಗೆದಾಗ ನೀರು ಮುಂಗೈಗೆ ಹರಿಯಿತು. ಆಗಲೇ ಒದ್ದೆ ಗೋಣಿಚೀಲದ ವಾಸನೆ ಮೂಗಿಗೆ ಬಂತು, ನಮ್ಮ ಹಿತ್ತಿಲಲ್ಲಿ ತುಳಸಿಕಟ್ಟೆಗೆ ಸುತ್ತಿದ್ದಾಗ ಬರುತ್ತಿತ್ತಲ್ಲ, ಅದೇ. ಅದರ ಬೆನ್ನಿಗೇ ನೀರು ಸುರಿದ ಸದ್ದು.

ಸಭಾಂಗಣದ ಆ ತುದಿಯಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಯಾರೋ ಕೆಲಸದವಳಿರಬೇಕೆಂದುಕೊಂಡೆ. ಕುಳ್ಳಗೆ, ತಲೆಗೆ ಬಟ್ಟೆ ಕಟ್ಟಿಕೊಂಡು, ಮನೆಯಲ್ಲಿ ತೊಡುವಂಥ ಸಡಿಲ ಉಡುಪಿನಲ್ಲಿದ್ದಳು. ಬರಿಗಾಲು. ಒಂದು ಕೈಯಲ್ಲಿ ಪಾತ್ರೆ, ಅದರಿಂದ ಗೋಡೆಯುದ್ದಕ್ಕೂ ನೀರು ಹಾಕುತ್ತ ನಿಧಾನವಾಗಿ ಬರುತ್ತಿದ್ದಳು. ಇನ್ನೊಂದು ಕೈ ಕಿಬ್ಬೊಟ್ಟೆಯ ಮೇಲಿತ್ತು. ಹೆಜ್ಜೆ ಪೂರ್ತಿ ಎತ್ತದೆ, ತುಸು ಮುಂದಕ್ಕೆ ಬಾಗಿ ನಡೆಯುವ ಆ ನಡಿಗೆಯನ್ನು ಯಾವ ಹೆಂಗಸಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಹಸಿ ಬಾಣಂತಿಯ ನಡಿಗೆ.

ಹೆದರಿಕೆಯಾಗಲಿಲ್ಲ, ಆಣೆ. ಬಾಣಂತಿ ತಣ್ಣೀರಿನಲ್ಲಿ ನಿಂತಿದ್ದಾಳಲ್ಲ ಎಂಬುದೊಂದೇ ನನ್ನ ತಲೆಯಲ್ಲಿ ಇದ್ದದ್ದು. ಎಲ್ಲಿದ್ದೇನೆ, ಎದುರಿಗಿರುವವರು ಯಾರು ಎಂಬುದೂ ಮರೆತು ಕನ್ನಡದಲ್ಲೇ ಗದರಿದೆ: “ಅಯ್ಯೋ, ನೀರಲ್ಲಿ ನಿಂತ್ಕೋಬೇಡ್ವೇ ತಾಯಿ! ಶೀತ ಆಗುತ್ತೆ!”

ಆಕೆ ತಿರುಗಿ ನನ್ನನ್ನು ನೋಡಿದಳು. ಎಳೆಯ ಮುಖ, ದಣಿದಿತ್ತು. ಕೋಪವಿರಲಿಲ್ಲ, ನಗುವೂ ಇರಲಿಲ್ಲ. “ಸಾಕು” ಎಂದಳು. ನಾನು ಈಗ ಬರೆಯುತ್ತಿರುವಷ್ಟೇ ಸ್ಪಷ್ಟವಾಗಿ.

“ಅಮ್ಮಾ! ಟೈಮ್ ಈಸ್ ಅಪ್!” ಎಂದು ಬಾಗಿಲಿನಿಂದ ಸಹನಾ ಕೂಗಿದಳು. ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಯಾರೂ ಇರಲಿಲ್ಲ. ನೆಲ ಒಣಗಿತ್ತು, ಧೂಳಿನ ಮೇಲೆ ನನ್ನ ಚಪ್ಪಲಿಯ ಗುರುತು ಬಿಟ್ಟರೆ ಬೇರೆ ಹೆಜ್ಜೆಯಿಲ್ಲ. ಗೋಡೆ ಮುಟ್ಟಿದೆ, ಅದೂ ಒಣ. ಆದರೆ ಕುಂಕುಮ ಕರಗಿ ಇಳಿದ ಗೆರೆ ಹಾಗೇ ಇತ್ತು. ಸಹನಾಳೂ ನೋಡಿದಳು. “ವಾಟ್ ಡಿಡ್ ಯು ಡೂ, ಅಮ್ಮಾ? ಇಟ್ ಲುಕ್ಸ್ ಲೈಕ್ ಬ್ಲಡ್” ಎಂದು ಬೆಚ್ಚಿದಳು. ಕಾವಲಿನವನನ್ನು ಕೇಳಿದೆವು. ನೀರಿನ ಸಂಪರ್ಕ ತೆಗೆದು ತಿಂಗಳುಗಳಾದವು, ಒಳಗೆ ಯಾರನ್ನೂ ಬಿಟ್ಟಿಲ್ಲ ಎಂದ. ತಣ್ಣನೆಯ ಕಾಂಕ್ರೀಟು ಸೆಕೆಗೆ ಬೆವರುವುದುಂಟು ಎಂದು ಆಮೇಲೆ ನಮ್ಮ ಯಜಮಾನರು ಹೇಳಿದರು. ಇರಬಹುದು. ಬೆವರುವ ಗೋಡೆ ನನಗೆ ಅರ್ಥವಾಗುತ್ತದೆ. ಮಾತಾಡಿದ್ದು ಅರ್ಥವಾಗುವುದಿಲ್ಲ.

ಬಸ್ ಸ್ಟಾಪಿನ ನೆರಳಿನಲ್ಲಿ ಕೂತು ಇನೋವೆ ಅಂಕಲ್‌ಗೆ ಫೋನ್ ಮಾಡಿದೆ. ಅವರು ಕಾಯುತ್ತಿದ್ದರೆಂದು ಕಾಣುತ್ತದೆ, ಕೂಡಲೇ ಎತ್ತಿದರು.

“ಕೈ ಇಟ್ರಾ ಅಮ್ಮಾ-ಸಾನ್?”

“ಇಟ್ಟೆ ಅಂಕಲ್. ಚಾವಣಿ ಒಂಚೂರೂ ಸೀಳಿಲ್ಲ.” ಅಲ್ಲಿಗೇ ನಿಲ್ಲಿಸಬೇಕೆಂದಿದ್ದೆ. ಆಗಲಿಲ್ಲ. ಎಲ್ಲ ಹೇಳಿದೆ. ನಡಿಗೆಯನ್ನೂ, ಆಕೆ ಬಾಯಿ ತೆರೆದದ್ದನ್ನೂ ಹೇಳಿದೆ. “ಏನು ಹೇಳಿದಳು?” ಎಂದರು. ಯಾರು ಎಂದು ಕೇಳಲೇ ಇಲ್ಲ.

“ಸಾಕು ಅಂದ್ರು.”

“ಸಕು” ಎಂದರು. “ನಮ್ಮಲ್ಲಿ ಹೂ ಅರಳೋದಕ್ಕೆ ಹಾಗಂತಾರೆ.” ಆಮೇಲೆ ತಾವೇ, “ಇಲ್ಲ. ನಿಮ್ಮ ಮಾತಲ್ಲಿ ‘ಸಾ’ ಉದ್ದ, ನಮ್ಮದರಲ್ಲಿ ಗಿಡ್ಡ. ಅದಲ್ಲ. ನಿಮ್ಮಲ್ಲಿ ಏನರ್ಥ?” ಎಂದರು. ಸಮಾಧಾನಕ್ಕೆ ಬೇಕೆಂದು ಒಂದು ಎಳೆ ಅಳತೆ ತಪ್ಪಿಸಲೂ ಅವರಿಗೆ ಬರುತ್ತಿರಲಿಲ್ಲ.

“ಇನಫ್ ಅಂತ.”

“ಎಂಥ ಇನಫ್? ಊಟ ತೃಪ್ತಿಯಾದವರು ಹೇಳೋದಾ, ಕೋಪ ಬಂದವರು ಹೇಳೋದಾ?”

ಆ ಪ್ರಶ್ನೆಯಲ್ಲಿ ಅವರ ಅರ್ಧ ಆಯುಷ್ಯವಿತ್ತು. ಆ ಮುಖವನ್ನು ಮತ್ತೆ ನೆನೆದೆ. ಅದು ದಣಿದ ಮುಖ, ಅಷ್ಟೇ. ಆದರೂ ನನ್ನ ಬಾಯಿ, “ಊಟ ಆದವರು ಹೇಳೋದು ಅಂಕಲ್” ಎಂದಿತು.

ಅವರು ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ದನಿ ದೂರ ಹೋಗಿ ಮತ್ತೆ ಹತ್ತಿರ ಬಂತು. ಫೋನ್ ಹಿಡಿದೇ ಬಾಗಿ ನಮಸ್ಕರಿಸಿದರೆಂದು ತಿಳಿಯಿತು. ಸಹನಾ ನನ್ನ ತೋಳು ಹಿಡಿದುಕೊಂಡು ಕೂತಿದ್ದಳು. ಬಸ್ಸು ಬಂತು, ಹೋಯಿತು. ನಾವು ಹತ್ತಲಿಲ್ಲ.

ನಾನು ಪರ್ತಿಗೆ ಮರಳುವ ಮೊದಲೇ ಸಭಾಂಗಣವನ್ನು ಕೆಡವಿದರು. ಅಂಕಲ್ ಈ ಸಲ ಬಾಗಿಲು ಹಾಕಿಕೊಳ್ಳಲಿಲ್ಲ, ಮೂಲಂಗಿ ಹಿಡಿದು ಬೇಲಿಗೆ ಬಂದರು. ಚೆನ್ನಾಗಿ ನಿದ್ದೆ ಬರುತ್ತಿದೆ ಎಂದರು. ಆ ವಿಷಯ ಮತ್ತೆ ಎತ್ತಲಿಲ್ಲ. ಮುಂದಿನ ಚಳಿಗಾಲದಲ್ಲಿ ನಿದ್ದೆಯಲ್ಲೇ ಹೋದರು. ನರಳಲಿಲ್ಲ, ಅದಕ್ಕೆ ದೇವರಿಗೆ ಕೈಮುಗಿಯುತ್ತೇನೆ. ಜಪಾನಿನಿಂದ ಯಾರೋ ನೆಂಟರು ಬಂದು ಬೂದಿಯನ್ನು ಒಯ್ದರು.

ಗಣಿಗಳಲ್ಲಿ ಕೆಲಸ ಇಳಿಮುಖವಾಗಿ ನಾವು ಅಡಿಲೇಡಿಗೆ ಬಂದೆವು. ತುಳಸಿಕಟ್ಟೆಯನ್ನು ಎತ್ತಲಾಗಲಿಲ್ಲ, ಹಿಂದೆ ಬಿಟ್ಟು ಬಂದೆ. ಇಲ್ಲಿ ಅಂಕಲ್ ಕಟ್ಟಿದ ನೀರಿನ ಟ್ಯಾಂಕು ಇನ್ನೂ ನಿಂತಿದೆ. ಬಸ್ಸು ಇಳಿದು ಹೋಗಿ ಅದರ ಕಂಬಕ್ಕೆ ಕೈ ಇಟ್ಟು ನೋಡಿದ್ದೇನೆ, ಒಂದು ಸಲವಲ್ಲ. ಯಾವಾಗಲೂ ಒಣಗಿಯೇ ಇರುತ್ತದೆ.

ಸಹನಾ ಇಲ್ಲಿಗೆ ಬಂದಿದ್ದಾಗ ಒಂದು ಮಧ್ಯಾಹ್ನ ಆ ದಿನದ ಮಾತು ಬಂತು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ತಟ್ಟೆಯ ಮುಂದೆ ಕೂತು ಇದ್ದಕ್ಕಿದ್ದ ಹಾಗೆ, “ಬಟ್ ಅಮ್ಮಾ, ವೈ ಡಿಡ್ ಯು ಟೆಲ್ ಹಿಮ್ ಇನಫ್? ಸಾಕು ಮೀನ್ಸ್ ಲುಕ್ ಆಫ್ಟರ್, ನೋ? ನಾಯಿ ಸಾಕು, ಬೆಕ್ಕು ಸಾಕು?” ಎಂದಳು. ಚಿಕ್ಕವಳಿದ್ದಾಗ ನಾಯಿಮರಿ ಬೇಕೆಂದು ಅತ್ತೂ ಅತ್ತೂ ಕಲಿತ ಮಾತು ಅವಳಿಗೆ ಅದು. ನಮ್ಮ ಯಜಮಾನರು, “ಅಯ್ಯೋ ಪೆದ್ದು, ಇದು ಬೇರೆ ಸಾಕು ಕಣೇ!” ಎಂದು ನಕ್ಕರು. ನನಗೆ ನಗಲಾಗಲಿಲ್ಲ.

ಮಗುವನ್ನು ಸಾಕು, ಹೆತ್ತವಳನ್ನು ಸಾಕು, ನೋಡಿಕೋ ಎನ್ನುವುದಕ್ಕೂ ನಮ್ಮಲ್ಲಿ ಅದೇ ಮಾತು. ಹುಟ್ಟಿದಾಗಿನಿಂದ ಆಡಿದ ನನಗೆ ಅದು ಹೊಳೆದೇ ಇರಲಿಲ್ಲ. ಆಕೆ ನನ್ನ ಗದರಿಕೆಗೆ ಸಾಕು ಎಂದಳೋ, ಗಂಡನಿಗೆ ಇನ್ನು ಕೊರಗಿದ್ದು ಸಾಕು ಎಂದಳೋ, ಅಷ್ಟು ವರ್ಷ ಯಾರಿಂದಲೂ ಸಿಗದಿದ್ದ ಬಾಣಂತನವನ್ನು ಕೇಳಿದಳೋ. ಜಪಾನಿನ ಹೆಂಗಸಿನ ಬಾಯಲ್ಲಿ ಕನ್ನಡ ಹೇಗೆ ಬಂತು, ನನ್ನ ಕಿವಿಯೇ ಮಾಡಿದ ಮೋಸವೋ, ಅದೂ ತಿಳಿಯದು. ಆಕೆ ಬಾಣಂತನ ಕೇಳಿದ್ದಾಗಿದ್ದರೆ ನಾನು ಅಂಕಲ್‌ಗೆ ತಲುಪಿಸಿದ್ದು ತಪ್ಪು ಮಾತು. ಆ ತಪ್ಪು ಮಾತಿನ ಮೇಲೆಯೇ ಅವರು ಆ ಚಳಿಗಾಲದವರೆಗೆ ನೆಮ್ಮದಿಯಿಂದ ಮಲಗಿದರು. ಇದನ್ನು ಕರುಣೆ ಎನ್ನಲೋ, ಏನೆನ್ನಲೋ.

ಅವತ್ತಿನಿಂದ ಊಟಕ್ಕೆ ಬಡಿಸುವಾಗ ಯಾರಾದರೂ ಸಾಕು ಎಂದರೆ ನನ್ನ ಸೌಟು ಅಲ್ಲೇ ನಿಂತುಬಿಡುತ್ತದೆ. ಅನ್ನ ತಣ್ಣಗಾಗುತ್ತಿದ್ದರೂ ಅವರ ಮುಖ ನೋಡುತ್ತ ನಿಲ್ಲುತ್ತೇನೆ.